ದೂರಗೈ

ಮುಂಡರಗಿಯ ದಾಕ್ಷಾಯಣಿಯ ಕೈ ಸುಟ್ಟರೆ ಅದು ಮೊದಲು ಗೊತ್ತಾಗುತ್ತಿದ್ದದ್ದು ಧಾರವಾಡದಲ್ಲಿ ಕೂತಿದ್ದ ಪ್ರಭಾವತಿಗೆ. ದಾಕ್ಷಾಯಣಿಗೆ ಗೊತ್ತಾಗುತ್ತಿದ್ದದ್ದು ಆಮೇಲೆ, ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದಾಗ.

ಆವತ್ತೂ ಹಾಗೇ ಆಯಿತು. ಬೆಳಗಿನ ಹನ್ನೊಂದೂವರೆಯ ಸಮಯ. ಧಾರವಾಡದ ನೆರವು ಕೊಠಡಿಯ ಪರದೆಯ ಮೇಲೆ ದಾಕ್ಷಾಯಣಿಯ ಐದು ಬೆರಳಿನ ಶಾಖದ ಐದು ಗೆರೆಗಳು ಸಮನಾಗಿ ಹರಿಯುತ್ತಿದ್ದವು. ಇದ್ದಕ್ಕಿದ್ದಂತೆ ತೋರುಬೆರಳಿನ ಗೆರೆ ಮೇಲೆದ್ದಿತು. ನಲವತ್ತೆಂಟು ಡಿಗ್ರಿ, ಐವತ್ತೈದು, ಅರವತ್ತೊಂದು. ಪ್ರಭಾವತಿ ಫೋನು ಹಚ್ಚಿದಳು.

"ಅಕ್ಕಾ, ಬಲಗೈ ತಗೀರಿ. ಹಂಚಿಗೆ ಹತ್ತೇತಿ."

"ಅಯ್ಯ ಶಿವನ! ಹೌದಲ್ರೀ ಮೇಡಂ. ಈಗ ವಾಸನಿ ಬಂತ ನೋಡ್ರಿ."

"ನೀರಾಗ ಇಡ್ರಿ. ಹತ್ತು ನಿಮಿಷ."

"ಹತ್ತು ನಿಮಿಷ ಕುಂತ್ರ ರೊಟ್ಟಿ ಯಾರ ಬಡೀತಾರ್ರೀ? ಮಂದಿ ಊಟಕ್ಕ ಬರೂ ಹೊತ್ತು."

ಗೆರೆ ಮೆಲ್ಲಗೆ ಇಳಿಯಿತು. ಪ್ರಭಾವತಿ ದಿನಚರಿಯ ಕೋಷ್ಟಕದಲ್ಲಿ 'ಸುಟ್ಟ ಗಾಯ, ಈ ತಿಂಗಳಲ್ಲಿ ಆರನೆಯದು' ಎಂದು ತುಂಬಿ ಮುಂದಿನ ರೋಗಿಯ ಪರದೆಗೆ ಹೋದಳು. ಅವಳ ಪಾಲಿಗೆ ನೂರಾ ನಲವತ್ತು ಜನರಿದ್ದರು. ಒಬ್ಬರನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

ದಾಕ್ಷಾಯಣಿ ಮುಂಡರಗಿಯ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಹೆಂಗಸು. ಐವತ್ತರ ಆಸುಪಾಸು. ನಾಲ್ಕು ವರ್ಷದ ಹಿಂದೆ ಸಂತೆಯಿಂದ ಬರುವಾಗ ಟಂಟಂ ಗಾಡಿ ಮಗುಚಿ, ಬಲಭುಜದ ನರಗಳು ಕಿತ್ತುಹೋಗಿ, ಕೈ ತೊಟ್ಟಿಲ ಹಗ್ಗದ ಹಾಗೆ ಜೋತುಬಿದ್ದಿತ್ತು. ಆಮೇಲೆ ಅವಳಿಗೆ ನರಸೇತು ಹಾಕಿದರು. ಕಾಲರ್ ಎಲುಬಿನ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ, ಅದರಿಂದ ನರಗಳಿಗೆ ಸುತ್ತಿದ ಕೂದಲೆಳೆಯಂಥ ತಂತಿಗಳು, ಬೆರಳ ತುದಿಗಳಲ್ಲಿ ಅಕ್ಕಿಕಾಳಿನಂಥ ಶಾಖ, ಒತ್ತಡದ ಮಾಪಕಗಳು. ಮೆದುಳು ಹೇಳಿದ್ದನ್ನು ಪೆಟ್ಟಿಗೆ ಕೈಗೆ ಮುಟ್ಟಿಸುತ್ತಿತ್ತು, ಕೈ ಎದ್ದು ರೊಟ್ಟಿ ಬಡಿಯುತ್ತಿತ್ತು. ಆದರೆ ಕೈ ಹೇಳಿದ್ದನ್ನು ಮೆದುಳಿಗೆ ಮುಟ್ಟಿಸಲು ಪೆಟ್ಟಿಗೆಗೆ ಬರುತ್ತಿರಲಿಲ್ಲ. ಹೋಗುವ ದಾರಿಯಿತ್ತು, ಬರುವ ದಾರಿಯಿರಲಿಲ್ಲ. ಬೆರಳಿನ ಶಾಖ ದಾಕ್ಷಾಯಣಿಯ ಫೋನಿನ ಮೂಲಕ ಧಾರವಾಡಕ್ಕೆ ಬರುತ್ತಿತ್ತೇ ಹೊರತು ಅವಳ ತಲೆಗೆ ಹೋಗುತ್ತಿರಲಿಲ್ಲ.

ಧಾರವಾಡದಲ್ಲಿ ಕೂತು ಈ ಪೆಟ್ಟಿಗೆಗಳ ಒಳಹೊಕ್ಕು ನೋಡಲು, ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಲು ಕಂಪನಿ ಕೊಟ್ಟಿದ್ದ ಆ್ಯಪಿನ ಹೆಸರು ದೂರಗೈ. ರೋಗಿ ಒಮ್ಮೆ ಒಪ್ಪಿಗೆ ಕೊಟ್ಟರಾಯಿತು, ಆಮೇಲೆ ಯಾವಾಗ ಬೇಕಾದರೂ ಒಳಗೆ ಹೋಗಬಹುದಿತ್ತು.

ಪ್ರಭಾವತಿ ಮೊದಲು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ದಿನಕ್ಕೆ ಇಪ್ಪತ್ತು ಮೈ ಮುಟ್ಟಿ, ತಿಕ್ಕಿ, ಎತ್ತಿ ಮಡಚುವ ಕೆಲಸ. ಎಂಟು ವರ್ಷದ ಹಿಂದೆ ಗಂಡ ಮಹಾಂತೇಶ ಮೆದುಳಿನ ರಕ್ತಸ್ರಾವದಿಂದ ಬಿದ್ದ. ಹನ್ನೆರಡು ದಿನ ಅವನ ಕೈಕಾಲನ್ನು ಅವಳೇ ಆಡಿಸಿದಳು. ಹದಿಮೂರನೆಯ ದಿನ ಅವನು ಹೋದ. ಒಂದು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಬಂದವಳು ಮೊದಲ ರೋಗಿಯ ಮೊಣಕೈಯ ಮೇಲೆ ಕೈ ಇಟ್ಟಳು. ಏನೂ ಅನಿಸಲಿಲ್ಲ. ಮರದ ತುಂಡು ಹಿಡಿದ ಹಾಗಿತ್ತು. ರೋಗಿ "ನೋವಾಗ್ತದ್ರೀ" ಎಂದು ಕೂಗಿದಾಗಲೂ ಎಷ್ಟು ಒತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಲಿಲ್ಲ. ಆ ವಾರವೇ ಕೆಲಸ ಬಿಟ್ಟಳು. ಮುಟ್ಟದೆ ಮಾಡುವ ಕೆಲಸ ಎಂಬ ಒಂದೇ ಕಾರಣಕ್ಕೆ ನೆರವು ಕೊಠಡಿ ಸೇರಿದಳು.

ಮನೆಯಲ್ಲಿ ಅವಳೂ ಮಾವ ಗುರುಪಾದಪ್ಪನೂ ಇಬ್ಬರೇ. ಅವನು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಸಂಜೆ ಅವಳು ಬರುವ ಹೊತ್ತಿಗೆ ಅನ್ನ ಸಾರು ಮಾಡಿಟ್ಟಿರುತ್ತಿದ್ದ.

"ಬಂದ್ಯವಾ? ಆರು ಹದಿನೇಳು. ಇವತ್ತ ಏಳು ನಿಮಿಷ ತಡ."

"ಬಸ್ಸು ತಡ ಆತ್ರಿ ಮಾವಾರ."

ಇಷ್ಟೇ ಮಾತು. ಉಣ್ಣುವಾಗ ಒಂದು ತಾಟಿನ ಸಪ್ಪಳ, ಇನ್ನೊಂದು ತಾಟಿನ ಸಪ್ಪಳ. ಇಬ್ಬರಲ್ಲಿ ಯಾರಿಗೂ ಸಿಟ್ಟಿರಲಿಲ್ಲ. ಮಹಾಂತೇಶನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

*

ಐದನೆಯ ಆವೃತ್ತಿಯ ಸುದ್ದಿ ಬಂದದ್ದು ಆ ಬೇಸಿಗೆಯಲ್ಲಿ.

ನರಸೇತುವಿನ ಪೆಟ್ಟಿಗೆಯಲ್ಲೂ ಫೋನಿನಲ್ಲಿದ್ದಂತೆ ಒಂದು ಆಪರೇಟಿಂಗ್ ಸಿಸ್ಟಮ್ ಓಡುತ್ತಿತ್ತು. ಎಲ್ಲರ ಮೈಯೊಳಗಿದ್ದದ್ದು ನಾಲ್ಕನೆಯದು. ಐದನೆಯದು ಬರುವ ದಾರಿಯನ್ನೂ ತೆರೆಯುತ್ತಿತ್ತು. ಶಾಖ, ಒತ್ತಡ, ನೋವು ಎಲ್ಲವನ್ನೂ ನರಕ್ಕೆ ಹಿಂದಿರುಗಿಸುತ್ತಿತ್ತು. ಅದಿನ್ನೂ ಬಿಡುಗಡೆಯಾಗಿರಲಿಲ್ಲ. ಪರೀಕ್ಷೆಗೆಂದು ಕೆಲವರಿಗಷ್ಟೇ ಕೊಡುವ ಬೀಟಾ.

ಮೇಲ್ವಿಚಾರಕ ಕೊಟ್ರೇಶ ಸುತ್ತೋಲೆ ಓದಿದ. "ನೋಡ್ರಿ, ಇದರಾಗ ಸುರಕ್ಷತಾ ಭಾಳ ಬಿಗಿ ಮಾಡ್ಯಾರ. ದೂರಗೈ ಇನ್ನೂ ಇದಕ್ಕ ಹೊಂದಿಕಿ ಆಗಿಲ್ಲ. ರೋಗಿ ದಿನಾ ಮುಂಜಾನೆ ಒಪ್ಪಿಗಿ ಕೊಟ್ರ ನೋಡಾಕ ಬರ್ತದ, ಅಷ್ಟ. ಏನರ ಬದಲು ಮಾಡಬೇಕಂದ್ರ ಮತ್ತೊಂದ ಸಲ ಒಪ್ಪಿಗಿ ಕೊಡಬೇಕು. ಅದೂ ಸೇತು ಹಾಕಿದ ಕೈಯ ಹೆಬ್ಬೆರಳಿಂದನ, ಐದು ಸೆಕೆಂಡ್ ಅಲುಗಾಡದಂಗ. ಬ್ಯಾರೆಯವರು ಹಿಡಿದು ಒತ್ತಿಸಿದ್ರ ಪೆಟಿಗಿ ಒಪ್ಪೂದಿಲ್ಲ."

"ಯಾವನೋ ಎಲ್ಲೋ ಕುಂತು ಇನ್ನೊಬ್ಬರ ಕೈಗೆ ನೋವು ಕೊಡಬಾರದಂತ ಮಾಡಿರಬೇಕು," ಎಂದಳು ಪ್ರಭಾವತಿ.

"ಮತ್ತ! ಈಗ ನೋವು ಕೊಡಾಕ ಬರ್ತದಲ್ಲ." ಕೊನೆಯ ಸಾಲನ್ನು ಅವನು ಬೆರಳಿಟ್ಟು ತೋರಿಸಿದ: 'ಬಿಡುಗಡೆಯ ಮೊದಲು ದೂರಗೈ ಬಳಸುವುದನ್ನು ಕಂಪನಿ ಶಿಫಾರಸು ಮಾಡುವುದಿಲ್ಲ.' "ಆಸ್ಪತ್ರೆಗೆ ಹತ್ತಿರ ಇರೂ ಮಂದೀನ್ನ ತಗೋರಿ. ಹಳ್ಳಿ ಕಡಿಯವರು ಬ್ಯಾಡ."

ಮರುದಿನ ದಾಕ್ಷಾಯಣಿಯ ಕೈ ಏಳನೆಯ ಸಲ ಸುಟ್ಟಿತು. ಈ ಸಲ ಅಂಗೈ. ಬೊಬ್ಬೆ ಒಡೆದು ಕೀವು ಕಟ್ಟಿತು. ಪ್ರಭಾವತಿ ಹೊಸ ಆವೃತ್ತಿಯ ವಿಷಯ ಹೇಳಬಾರದೆಂದಿದ್ದಳು, ಆದರೂ ಬಾಯಿಂದ ಬಂದುಬಿಟ್ಟಿತು.

"ಹಾಕ್ರಿ ಮೇಡಂ," ಎಂದಳು ದಾಕ್ಷಾಯಣಿ ತಕ್ಷಣ.

"ಅಕ್ಕಾ, ಅದು ಇನ್ನೂ ಪಕ್ಕಾ ಆಗಿಲ್ಲ. ಏನರ ಕೆಟ್ರ ನಾ ಇಲ್ಲಿಂದ ಸರಿ ಮಾಡಾಕ ಆಗಲಿಕ್ಕಿಲ್ಲ. ನೋಡಬಹುದು ಅಷ್ಟ."

"ನಾಕು ವರ್ಷ ಆತ್ರಿ. ಈ ಕೈಲೆ ಮಂದಿಗೆ ಊಟಕ್ಕ ನೀಡ್ತೀನಿ, ಮೊಮ್ಮಗಳ ಗಲ್ಲ ಹಿಡೀತೀನಿ. ಏನ ಹಿಡದೀನಿ ಅಂತ ಕಣ್ಣಿಲೆ ನೋಡಿ ತಿಳಕೋಬೇಕು. ಕೆಟ್ರ ಕೆಡವಲ್ದ್ಯಾಕ. ನೀವು ನೋಡ್ಕೋತ ಇರ್ತೀರಲ್ಲ, ನನಗ ಧೈರ್ಯ ಐತಿ."

ಪ್ರಭಾವತಿ ಅರ್ಜಿಯಲ್ಲಿ 'ಹತ್ತಿರದ ಆಸ್ಪತ್ರೆ' ಎಂಬಲ್ಲಿ ಗದಗಿನ ಹೆಸರು ಬರೆದಳು. ಕೊಟ್ರೇಶ ಎರಡು ಸಲ ಓದಿ, ಅವಳ ಮುಖ ನೋಡಿ ಸಹಿ ಮಾಡಿದ. ದೂರಗೈಯನ್ನು ಬಳಸುವುದೆಂದು ಅವಳೇ ನಿರ್ಧರಿಸಿದಳು. ಕಣ್ಣಿಲ್ಲದೆ ಬಿಡುವುದಕ್ಕಿಂತ ನೋಡುತ್ತಿರುವುದು ವಾಸಿ ಅನಿಸಿತು.

ಹೊಸ ಆವೃತ್ತಿ ಕೂತದ್ದು ಒಂದು ಸೋಮವಾರ ಬೆಳಿಗ್ಗೆ. ಪೆಟ್ಟಿಗೆ ನರದ ಜೊತೆ ಹೊಂದಿಕೊಳ್ಳಲು ಮೂರು ತಾಸು ಹಿಡಿಯಿತು. ದಾಕ್ಷಾಯಣಿ ಹಿಟ್ಟಿನ ಪರಾತದ ಮುಂದೆ ಕೂತಿದ್ದಳು. ನೆಗೆಣ್ಣಿ ಇಂದಿರವ್ವ ಫೋನನ್ನು ಎತ್ತಿ ಹಿಡಿದಿದ್ದಳು. ಪರದೆಯಲ್ಲಿ ಕೈ ಕಾಣುತ್ತಿತ್ತು. ಅದು ಹಿಟ್ಟಿನೊಳಗೆ ಇಳಿಯಿತು, ಅಲ್ಲೇ ನಿಂತಿತು.

ಪ್ರಭಾವತಿ ಪರದೆಯ ಕಡೆ ಬಾಗಿದಳು.

"ಅಕ್ಕಾ?"

"ತಣ್ಣಗೈತ್ರಿ," ಎಂದಳು ದಾಕ್ಷಾಯಣಿ. ಹಿಟ್ಟನ್ನು ಬೆರಳ ನಡುವೆ ತಿಕ್ಕಿ, "ಹಿಟ್ಟು ಸಣ್ಣ ಬೀಸಿಲ್ರಿ ಗಿರಣ್ಯಾಂವ. ತರಿ ತರಿ ಐತಿ." ಆಮೇಲೆ ಅವಳು ಅತ್ತಳು. ಇಂದಿರವ್ವನೂ ಅತ್ತಳು, ಫೋನು ಅಲುಗಾಡಿತು.

ಪ್ರಭಾವತಿ ಕೋಷ್ಟಕದಲ್ಲಿ 'ಸಂವೇದನೆ ದೃಢಪಟ್ಟಿದೆ, ಹನ್ನೆರಡು ಗಂಟೆ ಎಂಟು ನಿಮಿಷ' ಎಂದು ತುಂಬಿದಳು. ಸಂತೋಷವಾಗಬೇಕಿತ್ತು. ಆಗಿದೆಯೇ ಎಂದು ತನ್ನೊಳಗೆ ಹುಡುಕಿದಳು. ಅಲ್ಲೇನೂ ಕದಲಲಿಲ್ಲ.

*

ಎಂಟು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಎಂಟಕ್ಕೆ ದಾಕ್ಷಾಯಣಿ ಹೆಬ್ಬೆರಳು ಒತ್ತಿ ಒಪ್ಪಿಗೆ ಕೊಡುತ್ತಿದ್ದಳು, ಸಂಜೆಯವರೆಗೆ ಪ್ರಭಾವತಿ ನೋಡುತ್ತಿದ್ದಳು. ಬೆರಳ ಶಾಖದ ಐದು ಗೆರೆಗಳ ಕೆಳಗೆ ಈಗ ಆರನೆಯದೊಂದಿತ್ತು, ನರಕ್ಕೆ ಹೋಗುತ್ತಿರುವ ಸಂವೇದನೆ. ಹಂಚಿನ ಹತ್ತಿರ ಕೈ ಹೋದರೆ ಆರನೆಯ ಗೆರೆ ಏಳುತ್ತಿತ್ತು, ಅಷ್ಟರಲ್ಲಿ ಕೈ ತಾನೇ ಹಿಂದೆ ಸರಿಯುತ್ತಿತ್ತು. ಒಂದು ಸುಟ್ಟ ಗಾಯವೂ ಆಗಲಿಲ್ಲ. ಪೆಟ್ಟಿಗೆ ದಿನದಿನಕ್ಕೆ ಅವಳ ನರವನ್ನು ಕಲಿಯುತ್ತಿತ್ತು. ಮೊದಲ ದಿನ ಬಿಸಿ ತಣ್ಣಗೆ, ಒರಟು ನುಣುಪು ಅಷ್ಟೇ ಗೊತ್ತಾಗುತ್ತಿದ್ದದ್ದು ಎಂಟನೆಯ ದಿನಕ್ಕೆ ಮೊಮ್ಮಗಳ ಕೂದಲು ಒದ್ದೆಯೋ ಒಣಗಿದೆಯೋ ಹೇಳುವಷ್ಟಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಸಣ್ಣ ಅಪ್‌ಡೇಟ್ ಬಂತು. 'ಸಣ್ಣಪುಟ್ಟ ದೋಷಗಳ ನಿವಾರಣೆ' ಎಂದಷ್ಟೇ ಬರೆದಿತ್ತು. ಅದು ತಾನಾಗಿಯೇ ಪೆಟ್ಟಿಗೆಯೊಳಗೆ ಕೂತಿತು.

ಮಧ್ಯಾಹ್ನ ಹನ್ನೆರಡು ನಲವತ್ತು. ದಾಕ್ಷಾಯಣಿಯ ಮಧ್ಯದ ಬೆರಳು ಹಂಚಿನ ಅಂಚಿಗೆ ತಗುಲಿತು. ಗೆರೆ ಐವತ್ತೆರಡಕ್ಕೆ ಹೋಗಿ ತಕ್ಷಣ ಇಳಿಯಿತು. ಆರನೆಯ ಗೆರೆ ಇಳಿಯಲಿಲ್ಲ.

ಫೋನಿನಲ್ಲಿ ಮೊದಲು ಬಂದದ್ದು ಇಂದಿರವ್ವನ ದನಿ. "ಮೇಡಮ್ಮರ, ನಮ್ಮಕ್ಕಗ ಏನೋ ಆಗೇತ್ರೀ! ಕೈ ಸುಡಾಕ ಹತ್ತೇತಿ ಅಂತ ಒದರಾಕ ಹತ್ಯಾಳ. ನೀರಾಗ ಇಟ್ರೂ ಆರವಲ್ದು!"

ಹಿಂದೆ ದಾಕ್ಷಾಯಣಿಯ ಕೂಗು ಕೇಳಿಸುತ್ತಿತ್ತು. ಪ್ರಭಾವತಿ ಗೆರೆಗಳನ್ನು ನೋಡಿದಳು. ಕೈ ನೀರಿನಲ್ಲಿತ್ತು, ಶಾಖ ಇಪ್ಪತ್ತನಾಲ್ಕು. ಕೈ ತಣ್ಣಗಿತ್ತು. ಮೆದುಳಿಗೆ ಮಾತ್ರ ಪ್ರತಿಕ್ಷಣ ಐವತ್ತೆರಡರ ಸುದ್ದಿ ಹೋಗುತ್ತಿತ್ತು. ನಾಡಿ ನೂರಾ ಐವತ್ತು ದಾಟಿತ್ತು.

ಸಂವೇದನೆಯನ್ನು ತಗ್ಗಿಸುವ ಗುಂಡಿ ಒತ್ತಿದಳು. 'ಒಪ್ಪಿಗೆ ಬೇಕು.' ಮತ್ತೆ ಒತ್ತಿದಳು. 'ಒಪ್ಪಿಗೆ ಬೇಕು.'

"ಇಂದಿರವ್ವ, ಫೋನು ಅಕ್ಕನ ಮುಂದ ಇಡ್ರಿ. ಅಕ್ಕಾ, ಕೇಳ್ರಿ. ಕೈ ಸುಟ್ಟಿಲ್ಲ. ಪೆಟಿಗಿ ಸುಳ್ಳ ಹೇಳಾಕ ಹತ್ತೇತಿ. ಫೋನ್ ಮ್ಯಾಲೆ ಹೆಬ್ಬೆರಳು ಇಡ್ರಿ, ಐದು ಸೆಕೆಂಡ್."

ಹೆಬ್ಬೆರಳು ಬಂತು. ನಡುಗುತ್ತಿತ್ತು. ಎರಡು ಸೆಕೆಂಡಿಗೆ ಜಾರಿತು. ಇಂದಿರವ್ವ ಗಾಬರಿಯಲ್ಲಿ ಅಕ್ಕನ ಬೆರಳನ್ನು ಹಿಡಿದು ಒತ್ತಿದಳು. 'ಬೇರೆಯವರ ಒತ್ತಾಯ' ಎಂದು ಪೆಟ್ಟಿಗೆ ತಿರಸ್ಕರಿಸಿತು. ಇನ್ನು ಒಂದೇ ಅವಕಾಶ. ಅದೂ ತಪ್ಪಿದರೆ ಅರ್ಧ ಗಂಟೆ ಬೀಗ.

ಕೊಟ್ರೇಶ ಬೆನ್ನ ಹಿಂದೆ ಬಂದು ನಿಂತಿದ್ದ, ಮುಖ್ಯ ಕಚೇರಿಗೆ ಸಂದೇಶ ಹಾಕುತ್ತಿದ್ದ. ಪ್ರಭಾವತಿಯ ದನಿ ಏರಲಿಲ್ಲ, ಇಳಿಯಲೂ ಇಲ್ಲ.

"ಅಕ್ಕಾ, ಇದು ಫೋನ್ ಅಂತ ತಿಳೀಬ್ಯಾಡ್ರಿ. ಹೋಳಿಗಿ ಮಾಡೂಮುಂದ ಹೂರಣ ತುಂಬಾಕ ಕಣಕದಾಗ ಕುಣಿ ಒತ್ತತೀರಲ್ಲ, ಹಂಗ ಒತ್ರಿ. ಕಣಕ ಹರೀಬಾರದು. ಮೆತ್ತಗ. ಕೈಗೆ ಗೊತ್ತೈತಿ ಅದು. ನೀವು ಕಣ್ಣ ಮುಚ್ರಿ, ಕೈ ತಾನ ಮಾಡ್ತದ."

ಕೂಗು ನಿಲ್ಲಲಿಲ್ಲ. ಆದರೆ ಹೆಬ್ಬೆರಳು ಬಂತು. ಸಾವಿರಾರು ಹೋಳಿಗೆ ಮಾಡಿದ ಕೈಯದು. ಗಾಜಿನ ಮೇಲೆ ಕುಳಿತಿತು, ತುಸು ಒತ್ತಿತು, ನಿಂತಿತು. ಪ್ರಭಾವತಿ ಎಣಿಸಿದಳು. ಐದು.

ಪರದೆ ತೆರೆಯಿತು. ದೂರಗೈಯ ಹನ್ನೆರಡು ಗುಂಡಿಗಳಲ್ಲಿ ಹನ್ನೊಂದು ಕಪ್ಪಾಗೇ ಇದ್ದವು. ಹೊಂದಿಕೆಯಾಗದ ಆ್ಯಪ್ ಅಷ್ಟನ್ನೇ ತೋರಿಸಬಲ್ಲದಾಗಿತ್ತು. ಉರಿಯುತ್ತಿದ್ದದ್ದು ಒಂದೇ: 'ನಾಲ್ಕನೆಯ ಆವೃತ್ತಿಗೆ ಮರಳಿಸು.' ಕೆಳಗೆ ಸಣ್ಣ ಅಕ್ಷರ: 'ಈವರೆಗಿನ ಎಲ್ಲ ಕಲಿಕೆ ಅಳಿಯುತ್ತದೆ. ಈ ಪರೀಕ್ಷೆಗೆ ಮರುಪ್ರವೇಶವಿಲ್ಲ.'

ಅದೇ ಹೊತ್ತಿಗೆ ಮುಖ್ಯ ಕಚೇರಿಯ ಉತ್ತರ ಬಂತು. 'ಏನನ್ನೂ ಅಳಿಸಬೇಡಿ. ಇಂಜಿನಿಯರ್ ಹದಿನಾಲ್ಕು ನಿಮಿಷದಲ್ಲಿ ಸಂಪರ್ಕಕ್ಕೆ ಬರುತ್ತಾರೆ.'

ಪ್ರಭಾವತಿ ಅದನ್ನು ಓದಿದಳು. ದಾಕ್ಷಾಯಣಿ ಫೋನಿನ ಆಚೆ ಇದ್ದಳು, ಒಂದು ಮಾತು ಕೇಳಿದರೆ ಉತ್ತರ ಕೊಡುವಷ್ಟು ಎಚ್ಚರವಿತ್ತು. ಪ್ರಭಾವತಿಯ ಬೆರಳು ಹೋಯಿತು, ಗುಂಡಿ ಒತ್ತಿತು. ಹೆದರಿಕೆಯಿಂದಲ್ಲ, ಮರುಕದಿಂದಲೂ ಅಲ್ಲ. ಬೆರಳು ಹೋಯಿತು, ಅಷ್ಟೇ.

ಆರನೆಯ ಗೆರೆ ಮಾಯವಾಯಿತು. ಕೂಗು ನಡುವೆಯೇ ತುಂಡಾಯಿತು.

"ಅಕ್ಕಾ? ನೋವು ಹೋತ್ರೀ?"

ನೀರಿನಲ್ಲಿ ಕೈಯಾಡಿಸುವ ಸದ್ದು. ಮತ್ತೆ ಮತ್ತೆ ಆಡಿಸುವ ಸದ್ದು.

"ಎಲ್ಲಾ ಹೋತ್ರೀ," ಎಂದಳು ದಾಕ್ಷಾಯಣಿ.

*

ಸಂಜೆ ಗುರುಪಾದಪ್ಪ ತಾಟು ಹಾಕಿ ಕಾಯುತ್ತಿದ್ದ. ಪ್ರಭಾವತಿ ಉಣ್ಣುತ್ತ ನಡೆದದ್ದನ್ನು ಹೇಳಿದಳು. ಕೆಲಸದ ವಿಷಯ ಮನೆಯಲ್ಲಿ ಹೇಳಿದ್ದು ಅದೇ ಮೊದಲು. ಯಾಕೆ ಹೇಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಅವನು ಸಾರಿನ ಸೌಟು ಕೆಳಗಿಟ್ಟ. "ಹದಿನಾಕು ನಿಮಿಷ ಅಂದಿದ್ರಾ?"

"ಹೂಂ."

"ಆಕೀನ್ನ ಕೇಳಿದೇನವಾ? ತಡಕೋತೀಯೇನು ಅಂತ?"

"ಇಲ್ಲ."

ಅವನು ತಲೆಯಾಡಿಸಿದ. ಗೋಡೆಯ ಗಡಿಯಾರ ನೋಡಿದ. ಆಮೇಲೆ ಯಾವುದೋ ಊರಿನ ವೇಳಾಪಟ್ಟಿ ಓದುವವನ ಹಾಗೆ ಹೇಳಿದ: "ಅವತ್ತ, ಹದಿಮೂರನೇ ದಿನ, ನಾ ಗದಗ ಸ್ಟೇಷನ್ನಿನ್ಯಾಗಿದ್ದೆ. ಗೂಡ್ಸ್ ಬಿಟ್ಟು ಪ್ಯಾಸೆಂಜರ್ ಹತ್ತಿದ್ದೆ. ಸೀದಾ ದವಾಖಾನಿಗೆ ಬರಾಕ ಒಂದು ತಾಸು ಐವತ್ತು ನಿಮಿಷ. ನೀ ಸಹಿ ಮಾಡಿದಿ, ಅವರು ಉಸಿರಿನ ಮಶೀನ್ ತಗದ್ರು. ನಾ ಬರೂದ್ರಾಗ ಅಂವನ ಕೈ ತಣ್ಣಗಾಗಿತ್ತು."

ಎಂಟು ವರ್ಷದಲ್ಲಿ ಈ ಮಾತು ಆ ಮನೆಯಲ್ಲಿ ಬಂದಿರಲಿಲ್ಲ. ಪ್ರಭಾವತಿ ತಾಟಿನ ಅಂಚು ನೋಡುತ್ತಿದ್ದಳು.

"ಡಾಕ್ಟರು ಇನ್ನೇನೂ ಉಳಿದಿಲ್ಲ ಅಂದ್ರು, ಮಾವಾರ."

"ಖರೇ ಅಂದ್ರು. ನೀ ಮಾಡಿದ್ದ ತಪ್ಪ ಅಂತ ನಾ ಅನ್ನೂದಿಲ್ಲ. ನನ್ನ ಕೇಳಿದ್ರೂ ನಾ ಹೂಂ ಅಂತಿದ್ದೆ." ಅವನು ಎದ್ದು ಕೈ ತೊಳೆದ. "ಕೇಳಬೇಕಿತ್ತು, ಅಷ್ಟ."

ಒಳಗೆ ಹೋಗಿ ಹಾಸಿಗೆ ಬಿಡಿಸಿಕೊಂಡ. ಪ್ರಭಾವತಿ ಇಬ್ಬರ ತಾಟನ್ನೂ ತಿಕ್ಕಿ ಬೋರಲು ಹಾಕಿದಳು.

*

ಮೂರು ವಾರದ ನಂತರ ವರದಿ ಬಂತು. ಕೊಟ್ರೇಶ ಬಾಗಿಲು ಮುಚ್ಚಿ ಅವಳಿಗೆ ಓದಲು ಕೊಟ್ಟ.

ದೂರಗೈ ಪ್ರತಿ ಸೆಕೆಂಡಿಗೊಮ್ಮೆ ಪೆಟ್ಟಿಗೆಯನ್ನು 'ಈಗ ಎಷ್ಟು?' ಎಂದು ಕೇಳುತ್ತಿತ್ತು. ಪರದೆಯ ಮೇಲೆ ಗೆರೆ ಬರುತ್ತಿದ್ದದ್ದು ಹಾಗೆ. ಆ ಬೆಳಗಿನ ಅಪ್‌ಡೇಟ್ ಬಂದ ಮೇಲೆ ಪೆಟ್ಟಿಗೆ, ಪ್ರತಿ ಸಲ ಕೇಳಿದಾಗಲೂ, ತಾನು ನೆನಪಿಟ್ಟುಕೊಂಡಿದ್ದ ಕೊನೆಯ ದೊಡ್ಡ ಸಂವೇದನೆಯನ್ನು ಉತ್ತರವಾಗಿ ಕಳಿಸುತ್ತಿತ್ತು. ಕಳಿಸುತ್ತಿದ್ದದ್ದು ಎರಡು ಕಡೆಗೆ, ಪರದೆಗೂ ನರಕ್ಕೂ. ದೂರಗೈ ಬಳಸದ ರೋಗಿಗಳಲ್ಲಿ ಈ ದೋಷ ಒಬ್ಬರಿಗೂ ಕಾಣಿಸಿರಲಿಲ್ಲ.

ಪ್ರಭಾವತಿ ಆ ಪುಟವನ್ನು ಎರಡು ಸಲ ಓದಿದಳು.

"ಅಂದ್ರ, ನಾ ನೋಡೂದ ಬಿಟ್ಟಿದ್ರ…"

"ಪರದೆ ಮ್ಯಾಲಿನ ಆಕೀ ಕಿಟಕಿ ಮುಚ್ಚಿದ್ರ ಉರಿ ನಿಂತಿರ್ತಿತ್ತು," ಎಂದ ಕೊಟ್ರೇಶ. "ಇಂಜಿನಿಯರ್ ಬಂದಿದ್ರ ಮೊದಲ ಅದನ್ನ ಹೇಳ್ತಿದ್ದ. ಆದ್ರ ಅದು ಯಾರಿಗೆ ಗೊತ್ತಿತ್ರೀ? ಕೊನೀ ಸಾಲು ನೋಡ್ರಿ, ತಂತ್ರಜ್ಞೆಯ ನಿರ್ಧಾರ ಸಮಯೋಚಿತ ಅಂತ ಬರದಾರ. ನಿಮ್ಮದೇನೂ ತಪ್ಪಿಲ್ಲ. ರೋಗಿಗೆ ಇದನ್ನೆಲ್ಲಾ ಹೇಳೂದು ಬ್ಯಾಡ. ಸುಮ್ಮನ ಹೆದರ್ತಾರ."

ಅವಳು ವರದಿ ಮಡಚಿ ಕೊಟ್ಟಳು. ತನ್ನ ಮೇಜಿಗೆ ಬಂದಳು. ನೂರಾ ನಲವತ್ತು ಜನರ ಗೆರೆಗಳು ಹರಿಯುತ್ತಿದ್ದವು. ದಾಕ್ಷಾಯಣಿಯೂ ಸೇರಿ ಅವರೆಲ್ಲ ಈಗ ನಾಲ್ಕನೆಯ ಆವೃತ್ತಿಯವರು, ನೋಡುವುದರಿಂದ ಅಪಾಯವಿರಲಿಲ್ಲ. ಆದರೂ ಅವಳು ಒಂದೊಂದು ಕಿಟಕಿಯನ್ನೂ ಸಣ್ಣದು ಮಾಡಿ, ಅಲಾರಂ ಮಾತ್ರ ಬಿಟ್ಟು, ಖಾಲಿ ಪರದೆಯ ಮುಂದೆ ಸಂಜೆಯವರೆಗೆ ಕೂತಳು.

ರವಿವಾರ ಗದಗಿನ ಬಸ್ಸು ಹಿಡಿದು, ಅಲ್ಲಿಂದ ಮುಂಡರಗಿಗೆ ಹೋದಳು.

ಖಾನಾವಳಿಗೆ ಬೋರ್ಡಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ನಾಲ್ಕು ಜನ ಕೈ ತೊಳೆಯುತ್ತಿದ್ದರು. ಒಳಗೆ ಒಲೆಯ ಮುಂದೆ ಇಬ್ಬರು ಹೆಂಗಸರು. ಪ್ರಭಾವತಿ ಮುಖ ನೋಡಿ ಗುರುತಿಸಲಿಲ್ಲ, ಕೈ ನೋಡಿ ಗುರುತಿಸಿದಳು. ಹೊಸ ಬ್ಯಾಂಡೇಜು ಎರಡಿದ್ದವು. 'ಅಕ್ಕಾ' ಎಂದು ಕರೆದಳು.

"ಧ್ವನಿ ಕೇಳಿದ ಕೂಡಲೆ ಗೊತ್ತಾತ್ರಿ," ಎಂದಳು ದಾಕ್ಷಾಯಣಿ, ಕೂಡಲು ಮಣೆ ಕೊಡುತ್ತ. "ಫೋನಿನ್ಯಾಗಿಂದಕಿಂತ ಹೊರಗ ಸಣ್ಣ ಧ್ವನಿ ನಿಮ್ಮದು. ಇಂದಿರಾ, ಮೇಡಮ್ಮರಿಗೆ ತಾಟು ಹಾಕು."

ಉಂಡ ಮೇಲೆ, ಗಿರಾಕಿಗಳೆಲ್ಲ ಹೋದ ಮೇಲೆ, ಪ್ರಭಾವತಿ ಹೇಳಿದಳು. ಕೊಟ್ರೇಶ ಹೇಳಬೇಡವೆಂದದ್ದನ್ನೂ ಬಿಡಲಿಲ್ಲ. ತಾನು ನೋಡುತ್ತಿದ್ದದ್ದೇ ಉರಿಯಾಗಿತ್ತು ಎಂದಳು. ಹದಿನಾಲ್ಕು ನಿಮಿಷದ ಸಂದೇಶ ಬಂದಿತ್ತು, ಓದಿಯೂ ನಿಮ್ಮನ್ನು ಕೇಳದೆ ಒತ್ತಿದೆ ಎಂದಳು. ಹೇಳುವಾಗ ಅವಳ ದನಿ ಕೋಷ್ಟಕ ಓದುವ ದನಿಯೇ ಆಗಿತ್ತು. ಬೇರೆ ದನಿ ಅವಳಿಗೆ ಸಿಗಲಿಲ್ಲ.

ದಾಕ್ಷಾಯಣಿ ಎಡಗೈಯಿಂದ ಬಲಗೈಯ ಬ್ಯಾಂಡೇಜನ್ನು ಸರಿಪಡಿಸುತ್ತ ಕೂತಿದ್ದಳು.

"ಹದಿನಾಕು ನಿಮಿಷ ನಾ ತಡಕೋತಿದ್ದೆ," ಎಂದಳು ಕೊನೆಗೆ. "ಮೂರು ಮಕ್ಕಳನ್ನ ಹಡದೀನ್ರೀ ನಾನು. ಹದಿನಾಕು ನಿಮಿಷ ಏನದು?"

"ಹೌದ್ರಿ ಅಕ್ಕಾ."

"ಸತ್ರೂ ಸಾಯ್ತಿದ್ದೆ, ಆ ಮಾತ ಬ್ಯಾರೆ. ಆದ್ರ ನನ್ನ ಕೇಳಬೇಕಿತ್ತು ನೀವು."

"ಹೌದ್ರಿ."

ದಾಕ್ಷಾಯಣಿ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಎದ್ದು ಒಲೆಯ ಕೆಂಡ ಕೆದಕಿದಳು, ನೀರು ಚಿಮುಕಿಸಿ ಆರಿಸಿದಳು, ಮಸಿಬಟ್ಟೆ ಒಗೆದು ಹಗ್ಗಕ್ಕೆ ಹಾಕಿದಳು. ಪ್ರಭಾವತಿ ಮಣೆಯ ಮೇಲೆ ಕೂತೇ ಇದ್ದಳು. ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಕಾಲು ಜೋಮು ಹಿಡಿದಿತ್ತು.

ಒಳಗೆ ಹೋದ ದಾಕ್ಷಾಯಣಿ ಒಂದು ಲಕೋಟೆ ಹಿಡಿದು ಬಂದಳು. "ಇದು ನಿನ್ನೆ ಪೋಸ್ಟಿಗೆ ಬಂತು. ನಿಮ್ಮ ಕಂಪನಿದ. ಓದಿ ಹೇಳ್ರಿ."

ಪ್ರಭಾವತಿ ಓದಿದಳು. ದೋಷ ಸರಿಪಡಿಸಿದ ಮತ್ತೊಂದು ಬೀಟಾ ಎರಡು ತಿಂಗಳಲ್ಲಿ ಬರಲಿತ್ತು. ಹಿಂದಿನ ಪರೀಕ್ಷೆಯಿಂದ ಹೊರಬಿದ್ದವರು ಬೇಕಿದ್ದರೆ ಹೊಸದಾಗಿ ಹೆಸರು ಕೊಡಬಹುದು. ಕಲಿಕೆ ಮೊದಲಿನಿಂದ ಶುರುವಾಗುತ್ತದೆ. ಮೊದಲಿನಷ್ಟೇ ನಿಖರವಾಗಿ ಬರುವುದೆಂಬ ಭರವಸೆಯಿಲ್ಲ. ಕೆಳಗೆ ತುಂಬಬೇಕಾದ ಅರ್ಜಿ.

"ಬರೀರಿ," ಎಂದಳು ದಾಕ್ಷಾಯಣಿ.

"ಅಕ್ಕಾ, ಮತ್ತ ಹಂಗ ಏನರ ಆದ್ರ?"

"ಎಂಟು ದಿನ ಬಂದಿತ್ತಲ್ರೀ ಕೈ. ಬರೀರಿ."

ಪ್ರಭಾವತಿ ಹೆಸರು, ವಯಸ್ಸು, ಊರು ಬರೆದಳು. ಆರನೆಯ ಸಾಲಿಗೆ ಬಂದು ನಿಂತಳು. 'ದೂರ ಪ್ರವೇಶಕ್ಕೆ ಒಪ್ಪಿಗೆ ಇದೆಯೇ? ಹೌದು / ಇಲ್ಲ.' ಗಟ್ಟಿಯಾಗಿ ಓದಿದಳು.

"ದೂರದಿಂದ ಒಳಗ ಬರೂದಲ್ಲ ಅದು?"

"ಹೌದ್ರಿ. ನಾ ಮಾಡತಿದ್ದದ್ದು."

"ಇಲ್ಲ ಅಂತ ಬರೀರಿ."

ಅವಳು 'ಹೌದು' ಎಂಬುದನ್ನು ಹೊಡೆದುಹಾಕಿದಳು. ಏಳನೆಯ ಸಾಲು: 'ದೂರ ಪ್ರವೇಶ ಬೇಡವೆನ್ನುವವರು ಮೊದಲ ಹದಿನೈದು ದಿನ ತರಬೇತಿ ಪಡೆದ ಒಬ್ಬರನ್ನು ಮನೆಯಲ್ಲೇ ಜೊತೆಗಿಟ್ಟುಕೊಳ್ಳಬೇಕು. ಅವರ ಹೆಸರು.' ಇದನ್ನೂ ಗಟ್ಟಿಯಾಗಿ ಓದಿದಳು. ಗದಗಿನ ಆಸ್ಪತ್ರೆಯಲ್ಲಿ ಯಾರಾದರೂ ಸಿಗಬಹುದು, ವಿಚಾರಿಸಿ ಹೇಳುತ್ತೇನೆ ಎಂದಳು.

ದಾಕ್ಷಾಯಣಿ ಅವಳನ್ನೇ ನೋಡುತ್ತಿದ್ದಳು. ಪ್ರೀತಿಯಿಂದ ನೋಡಿದಳೆಂದು ಹೇಳಲಾಗದು. ಸಂತೆಯಲ್ಲಿ ಮಡಿಕೆ ಬಾರಿಸಿ ನೋಡುವವರ ಹಾಗೆ ನೋಡಿದಳು.

"ನಿಮಗ ಬರಂಗಿಲ್ಲೇನು ಈ ಕೆಲಸ?"

"ಬರ್ತದ್ರಿ. ಆದ್ರ ನಾ ಒಬ್ಬರ ಕೈ ಮುಟ್ಟಿ ಎಂಟು ವರ್ಷ ಆತು. ಮುಟ್ಟಿದ್ರ ನನಗೇನೂ ಗೊತ್ತಾಗೂದಿಲ್ಲ ಅಕ್ಕಾ."

"ನನಗೂ ಗೊತ್ತಾಗೂದಿಲ್ಲ ತಗೋರಿ," ಎಂದಳು ದಾಕ್ಷಾಯಣಿ. ಬಲಗೈಯನ್ನು ಎತ್ತಿ ಪ್ರಭಾವತಿಯ ಮಡಿಲಲ್ಲಿ ಇಟ್ಟಳು, ಬೇರೆ ಯಾರದೋ ಸಾಮಾನು ಇಟ್ಟಂತೆ. "ಇಬ್ರಾಗ ಒಬ್ಬರಿಗೆ ಗೊತ್ತಾಗೂತನಾ ಕುಂದ್ರೂಣು."

ಪ್ರಭಾವತಿ ಅಂಗೈಯನ್ನು ಮೇಲೆ ತಿರುಗಿಸಿದಳು. ಹಳೆಯ ಕೆಲಸದ ರೂಢಿಯಿಂದ ಅವಳ ಹೆಬ್ಬೆರಳು ಮಣಿಕಟ್ಟಿನಿಂದ ಶುರುಮಾಡಿ ಒಂದೊಂದು ಹೆಜ್ಜೆ ಒತ್ತುತ್ತ ಬೆರಳುಗಳ ಬುಡದವರೆಗೆ ಹೋಯಿತು. ಸುಟ್ಟು ಮಾಗಿದ ಜಾಗಗಳು ಒರಟಾಗಿದ್ದವು. ಚರ್ಮದಡಿ ಒಂದು ಕಡೆ ನರ ಗಂಟುಕಟ್ಟಿತ್ತು. ಪರದೆಯ ಯಾವ ಗೆರೆಯಲ್ಲೂ ಅದು ಬಂದಿರಲಿಲ್ಲ. ಅವಳು ಅಲ್ಲೇ ನಿಂತು, ಎಷ್ಟು ಒತ್ತಬೇಕೆಂದು ತಿಳಿಯದೆ, ದಾಕ್ಷಾಯಣಿಯ ಮುಖ ನೋಡಿದಳು. ಆ ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

"ಒತ್ತಲೇನ್ರಿ?" ಎಂದು ಕೇಳಿದಳು.

"ಒತ್ರಿ," ಎಂದಳು ದಾಕ್ಷಾಯಣಿ.

ಇಂದಿರವ್ವ ಒಳಗಿನಿಂದ ಕೂಗಿ, ಗದಗಿನ ಬಸ್ಸು ಬಂದು ನಿಂತಿದೆ ಎಂದಳು. ಇನ್ನೊಂದು ಆರೂವರೆಗೆ ಇದೆಯಂತೆ ಎಂದಳು. ಪ್ರಭಾವತಿ ಎಡಗೈಯಲ್ಲಿ ದಾಕ್ಷಾಯಣಿಯ ಕೈಯನ್ನು ಹಿಡಿದುಕೊಂಡೇ, ಬಲಗೈಯಲ್ಲಿ ಪೆನ್ನು ತೆಗೆದುಕೊಂಡು, ಏಳನೆಯ ಸಾಲಿನಲ್ಲಿ ತನ್ನ ಹೆಸರು ಬರೆದಳು.